ಸಿಲಿಕೋನ್ ಛಾವಣಿ ಲೇಪನ: ನೀರು ನಿಲ್ಲುವ ತಾರಸಿಗೆ ಸೈ, ಮೆಣಸಿನಕಾಯಿ ಒಣಹಾಕುವ ಮಾಳಿಗೆಗೆ ಬೇಡ

ಪೇಂಟ್ ಅಂಗಡಿಯಲ್ಲಿ ‘ಛಾವಣಿಗೆ ಸಿಲಿಕೋನ್ ಕೊಡ್ರಿ’ ಎಂದು ಕೇಳಿದರೆ ಕೌಂಟರಿನ ಮೇಲೆ ಬಂದು ಕೂರುವ ಡಬ್ಬಿ ಮೂರರಲ್ಲಿ ಯಾವುದೂ ಆಗಿರಬಹುದು. ಮೊದಲನೆಯದು ನೀರಿನಷ್ಟು ತೆಳುವಾದ ಸಿಲೇನ್-ಸಿಲಾಕ್ಸೇನ್ ದ್ರವ. ಅದು ಇಟ್ಟಿಗೆ, ಕಲ್ಲು, ಗಿಲಾವಿನ ರಂಧ್ರಗಳೊಳಗೆ ಇಳಿದು ನೀರು ಹೀರದಂತೆ ಮಾಡುತ್ತದೆ. ಮೇಲೆ ಪದರ ಕಟ್ಟುವುದಿಲ್ಲ, ಬಿರುಕು ಮುಚ್ಚುವುದಿಲ್ಲ. ಗೋಡೆಗೆ ಒಳ್ಳೆಯದು, ತಾರಸಿಗೆ ಉಪಯೋಗವಿಲ್ಲ. ಎರಡನೆಯದು ಸಿಲಿಕೋನ್ ಬೆರೆಸಿದ ಅಕ್ರಿಲಿಕ್. ಹೆಸರಿನಲ್ಲಿ ಸಿಲಿಕೋನ್ ಎದ್ದು ಕಾಣುತ್ತದೆ, ಒಳಗಿರುವುದು ಬಹುಪಾಲು ಅಕ್ರಿಲಿಕ್ ಎಮಲ್ಷನ್. ಮೂರನೆಯದು ನಿಜವಾದ ಸಿಲಿಕೋನ್ ರಬ್ಬರ್ ಲೇಪನ. ದಪ್ಪ ಮಜ್ಜಿಗೆಯ ಹದದಲ್ಲಿ ಬಕೆಟ್ಟಿನಲ್ಲಿರುವ ಇದು ಗಾಳಿಯಲ್ಲಿರುವ ತೇವಾಂಶವನ್ನು ಹಿಡಿದು ರಬ್ಬರಾಗಿ ಗಟ್ಟಿಯಾಗುತ್ತದೆ. ಕಾರ್ಖಾನೆ, ಗೋದಾಮು, ಶೋರೂಮು, ಆಸ್ಪತ್ರೆ, ಕಲ್ಯಾಣ ಮಂಟಪಗಳ ಛಾವಣಿಗೆ ‘ಸಿಲಿಕೋನ್ ಸಿಸ್ಟಮ್’ ಎಂದು ಮಾರಬೇಕಾದದ್ದು ಈ ಮೂರನೆಯದನ್ನೇ. ಇಲ್ಲಿ ಒರೆಗೆ ಹಚ್ಚುತ್ತಿರುವುದೂ ಅದನ್ನೇ.

ಮೂರನ್ನು ಬೇರ್ಪಡಿಸಲು ಪ್ರಯೋಗಾಲಯ ಬೇಕಿಲ್ಲ. ಡಬ್ಬಿಯ ಮೇಲೆ ‘ನೀರು ಬೆರೆಸಿ ತೆಳುವಾಗಿಸಿ’, ‘ಬ್ರಷ್ಷನ್ನು ನೀರಿನಲ್ಲಿ ತೊಳೆಯಿರಿ’ ಎಂದಿದ್ದರೆ ಅದು ಹೆಚ್ಚುಕಮ್ಮಿ ಅಕ್ರಿಲಿಕ್ಕೇ. ಅಸಲಿ ಸಿಲಿಕೋನಿನ ಬ್ರಷ್ ತೊಳೆಯಲು ಸಾಮಾನ್ಯವಾಗಿ ಟರ್ಪೆಂಟೈನ್ ಜಾತಿಯ ದ್ರಾವಕ ಬೇಕು, ಅದಕ್ಕೆ ನೀರು ಬೆರೆಸುವ ಮಾತೇ ಇಲ್ಲ. ಮುಚ್ಚಳ ತೆರೆದು ಬಿಟ್ಟರೆ ಕೆನೆಗಟ್ಟುತ್ತದೆ. ತಾಂತ್ರಿಕ ಹಾಳೆಯಲ್ಲಿ ಘನಾಂಶ (ಒಣಗಿದ ಮೇಲೆ ಉಳಿಯುವ ಭಾಗ) ಎಷ್ಟು ಎಂದು ಬರೆದಿರುತ್ತದೆ: ಹೆಚ್ಚು ಘನಾಂಶದ ಸಿಲಿಕೋನ್‌ನಲ್ಲಿ ಅದು ಶೇ. 90 ದಾಟಿರುತ್ತದೆ, ಅಕ್ರಿಲಿಕ್‌ನಲ್ಲಿ ಗಾತ್ರದ ಲೆಕ್ಕಕ್ಕೆ ಶೇ. 50ರ ಆಸುಪಾಸು. ಅಮೆರಿಕದ ಮಾನಕವನ್ನು ಉಲ್ಲೇಖಿಸುವ ಕಂಪನಿಯಾದರೆ ಸಿಲಿಕೋನ್‌ಗೆ ಎಎಸ್‌ಟಿಎಂ ಡಿ 6694 ಎಂದೂ ಅಕ್ರಿಲಿಕ್‌ಗೆ ಡಿ 6083 ಎಂದೂ ಬರೆದಿರುತ್ತದೆ. ಇಷ್ಟರ ಮೇಲೂ ಅನುಮಾನವಿದ್ದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ತುಂಡು ಸವರಿ, ವಾರ ಬಿಟ್ಟು ಬಿಡಿಸಿಕೊಂಡು ನೀರಿನ ಲೋಟದಲ್ಲಿ ನಾಲ್ಕೈದು ದಿನ ಮುಳುಗಿಸಿಡಿ. ಅಕ್ರಿಲಿಕ್ ಮೆತ್ತಗಾಗಿ ಉಬ್ಬುತ್ತದೆ. ಸಿಲಿಕೋನ್ ಹಾಕಿದ ಹಾಗೇ ಇರುತ್ತದೆ.

ಆ ಲೋಟದಲ್ಲಿ ಕಾಣುವುದೇ ಈ ಸರಕಿನ ಮುಖ್ಯ ಗುಣ, ದುಬಾರಿ ಬೆಲೆಗೆ ಇರುವ ಮುಖ್ಯ ಸಮರ್ಥನೆಯೂ ಅದೇ. ಮಳೆ ನಿಂತು 48 ತಾಸಾದರೂ ಆರದೆ ಉಳಿದ ನೀರನ್ನು ಛಾವಣಿ ಕೆಲಸದವರು ‘ನಿಂತ ನೀರು’ ಎಂದು ಲೆಕ್ಕ ಹಿಡಿಯುತ್ತಾರೆ. ಧಾರವಾಡದ ಜುಲೈ ತಿಂಗಳಲ್ಲಿ ಹನಿ ಬಿಡದೆ ಜಿನುಗುವ ಮಳೆಗೆ, ಇಳಿಜಾರು ತಪ್ಪಿದ ಆರ್‌ಸಿಸಿ ತಾರಸಿಯ ತಗ್ಗುಗಳಲ್ಲಿ ಎರಡು ದಿನವಲ್ಲ, ಎರಡು ವಾರ ನೀರು ನಿಂತಿರುತ್ತದೆ. ಅಲ್ಲಿ ಅಕ್ರಿಲಿಕ್ ಮೆಲ್ಲಗೆ ನೀರು ಹೀರಿ, ಹಿಡಿತ ಬಿಟ್ಟು, ಬಿಸಿಲು ಬಂದಾಗ ಹಪ್ಪಳದಂತೆ ಏಳುತ್ತದೆ. ಸಿಲಿಕೋನ್‌ಗೆ ನಿಂತ ನೀರು ತೊಂದರೆಯೇ ಅಲ್ಲ. ಎರಡನೆಯ ಗುಣ ಬಿಸಿಲು ತಾಳುವುದು. ಇದರ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿ. ಉಳಿದ ಪೇಂಟುಗಳಲ್ಲಿರುವ ಇಂಗಾಲದ ಸರಪಳಿಯನ್ನು ಕಡಿಯುವ ನೇರಳಾತೀತ ಕಿರಣ ಇದನ್ನು ಅಷ್ಟು ಸುಲಭವಾಗಿ ಕಡಿಯಲಾರದು. ಹಾಗಾಗಿ ವರ್ಷಗಳು ಕಳೆದರೂ ಪುಡಿಯಾಗುವುದು, ಬಿರುಸಾಗುವುದು ಕಡಿಮೆ. ಬೇಸಿಗೆಯಲ್ಲಿ ಮೆತ್ತಗಾಗುವುದಿಲ್ಲ, ಚಳಿಗಾಲದಲ್ಲಿ ಸೆಟೆಯುವುದಿಲ್ಲ.

ಮೂರನೆಯದು ತೂಕ. ನಮ್ಮ ಕಡೆಯ ಗೌಂಡಿಗಳು ಸೋರುವ ತಾರಸಿಗೆ ಮೊದಲು ಹೇಳುವ ಮದ್ದು ಇಟ್ಟಿಗೆ ಚೂರಿನ ಕೋಬಾ. ನಾಲ್ಕು ಇಂಚು ದಪ್ಪದ ಕೋಬಾ ಒಂದು ಚದರ ಮೀಟರಿಗೆ ಸುಮಾರು 180ರಿಂದ 200 ಕೆಜಿ ಹೇರುತ್ತದೆ. ಹಳೆಯ ಕೋಬಾದ ಮೇಲೆ ಇನ್ನೊಂದು ಕೋಬಾ ಹಾಕಿದ ಕಟ್ಟಡಗಳೂ ಇವೆ, ಸ್ಲ್ಯಾಬಿನ ಕಂಬಿ ತುಕ್ಕು ಹಿಡಿಯುತ್ತಿರುವಾಗ ಇದು ಚೆಲ್ಲಾಟವೇ ಸರಿ. ಸಿಲಿಕೋನ್ ಪದರ ಚದರ ಮೀಟರಿಗೆ ಒಂದು ಕೆಜಿಯೂ ತೂಗುವುದಿಲ್ಲ. ಹಳೆಯದನ್ನು ಒಡೆಯದೆ, ಕೆಳಗಿನ ವ್ಯಾಪಾರ ನಿಲ್ಲಿಸದೆ ಕೆಲಸ ಮುಗಿಯುತ್ತದೆ ಎಂಬುದು ಅಂಗಡಿ, ಆಸ್ಪತ್ರೆ ನಡೆಸುವವರಿಗೆ ದೊಡ್ಡ ಅನುಕೂಲ.

ಬಿಳಿ ಬಣ್ಣದಿಂದ ಸಿಗುವ ತಂಪಿನ ಬಗ್ಗೆ ಸ್ವಲ್ಪ ಹುಷಾರಾಗಿ ಮಾತಾಡಬೇಕು. ಹೊಸ ಬಿಳಿ ಸಿಲಿಕೋನ್ ಬಿಸಿಲಿನ ಶೇ. 80ಕ್ಕಿಂತ ಹೆಚ್ಚು ಭಾಗವನ್ನು ಹಿಂದಕ್ಕೆ ಹೊಡೆಯುತ್ತದೆ. ಏಪ್ರಿಲ್ ಮಧ್ಯಾಹ್ನ 60 ಡಿಗ್ರಿ ದಾಟುವ ತುಕ್ಕು ಹಿಡಿದ ತಗಡು, ಬಿಳಿ ಲೇಪನದ ಕೆಳಗೆ ಗಾಳಿಯ ತಾಪಕ್ಕಿಂತ ಕೆಲವೇ ಡಿಗ್ರಿ ಮೇಲಿರುತ್ತದೆ. ಶೆಡ್ಡಿನಲ್ಲಿ ಫಾಲ್ಸ್ ಸೀಲಿಂಗ್ ಇಲ್ಲದಿದ್ದರೆ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಆದರೆ ಸಿಲಿಕೋನ್‌ಗೆ ಧೂಳು ಅಂಟಿಕೊಳ್ಳುವ ಚಟ. ಜಿನ್ನಿಂಗ್ ಫ್ಯಾಕ್ಟರಿಯ ಹತ್ತಿಯ ನೂಲೆಳೆ, ರಸ್ತೆಯ ಎರೆಮಣ್ಣಿನ ಧೂಳು, ಲಾರಿಗಳ ಹೊಗೆ ಎಲ್ಲ ಸೇರಿ ಎರಡು ಮೂರು ವರ್ಷದಲ್ಲಿ ಬಿಳಿ ಹೋಗಿ ಬೂದು ಬಣ್ಣವಾಗುತ್ತದೆ, ಪ್ರತಿಫಲನ ಸಾಕಷ್ಟು ಇಳಿಯುತ್ತದೆ. ಬೇಸಿಗೆಗೆ ಮುನ್ನ ಒಮ್ಮೆ ಸೌಮ್ಯ ಸೋಪಿನ ನೀರಿನಲ್ಲಿ ತೊಳೆದರೆ ಬಹುಪಾಲು ಮರಳಿ ಬರುತ್ತದೆ. ತಂಪೊಂದೇ ಬೇಕು, ಸೋರಿಕೆ ಇಲ್ಲ, ನೀರು ಸರಸರ ಇಳಿದುಹೋಗುವ ಇಳಿಜಾರಿದೆ ಎಂದಾದರೆ ಒಳ್ಳೆಯ ಅಕ್ರಿಲಿಕ್ಕೇ ಸಾಕು. ಅದು ಇದಕ್ಕಿಂತ ಅಗ್ಗ, ಧೂಳೂ ಕಡಿಮೆ ಹಿಡಿಯುತ್ತದೆ. ಇನ್ನೊಂದು ಮಾತು: ಇದು ಬಿಸಿಲನ್ನು ಹಿಂದೆ ಕಳಿಸುವ ಪದರವೇ ಹೊರತು ಶಾಖ ತಡೆಯುವ ಹೊದಿಕೆಯಲ್ಲ. ಅರ್ಧ ಮಿಲಿಮೀಟರ್ ರಬ್ಬರಿನಿಂದ ಆ ಕೆಲಸ ಆಗುವುದಿಲ್ಲ.

ಇನ್ನು ಲೆಕ್ಕ. ಈ ಧಂದೆಯಲ್ಲಿ ಮೋಸ ನಡೆಯುವುದು ಹೆಚ್ಚಾಗಿ ಇಲ್ಲೇ. ಕೊಟೇಶನ್ ಕೊಡುವವರು ‘ಎರಡು ಕೋಟ್ ಹೊಡದು ಕೊಡ್ತೀವ್ರಿ, ಚದರ ಅಡಿಗೆ ಇಷ್ಟು’ ಅನ್ನುತ್ತಾರೆ. ಎರಡು ಕೋಟ್ ಎಂಬುದು ಅಳತೆಯೇ ಅಲ್ಲ. ಒಣಗಿದ ಮೇಲೆ ಪದರ ಎಷ್ಟು ದಪ್ಪ ಉಳಿಯುತ್ತದೆ ಎಂಬುದೊಂದೇ ಅಳತೆ. ಸಾಮಾನ್ಯವಾಗಿ 10 ವರ್ಷದ ವಾರಂಟಿಗೆ ಅರ್ಧ ಮಿಲಿಮೀಟರ್, 15ಕ್ಕೆ 0.6ರ ಆಸುಪಾಸು, 20ಕ್ಕೆ 0.75 ಮಿ.ಮೀ. ಒಣ ದಪ್ಪ ಕೇಳುತ್ತಾರೆ. ಒಂದು ಚದರ ಮೀಟರಿನ ಮೇಲೆ ಒಂದು ಲೀಟರ್ ಹರಡಿದರೆ ಹಸಿಯಲ್ಲಿ ಒಂದು ಮಿಲಿಮೀಟರ್ ನಿಲ್ಲುತ್ತದೆ, ಶೇ. 95 ಘನಾಂಶವಿದ್ದರೆ ಒಣಗಿದ ಮೇಲೆ 0.95 ಉಳಿಯುತ್ತದೆ. ಉಳಿದದ್ದೆಲ್ಲ ಬರೀ ಭಾಗಾಕಾರ.

5,000 ಚದರ ಅಡಿಯ ತಾರಸಿ ಎಂದಿಟ್ಟುಕೊಳ್ಳಿ. ಅದು 465 ಚದರ ಮೀಟರ್. 0.6 ಮಿ.ಮೀ. ಒಣ ದಪ್ಪಕ್ಕೆ 279 ಲೀಟರ್ ಘನ ಬೇಕು, ಶೇ. 95ರ ಸರಕಿನಲ್ಲಿ ಅದು 294 ಲೀಟರ್. ತಾರಸಿಯ ಒರಟುತನ, ಬಕೆಟ್ಟಿನಲ್ಲಿ ಉಳಿಯುವುದು, ರೋಲರ್ ಕುಡಿಯುವುದು ಸೇರಿ ಶೇ. 10 ಕೂಡಿಸಿದರೆ 323 ಲೀಟರ್. 20 ಲೀಟರಿನ 16 ಬಕೆಟ್ ತಪ್ಪದೆ ಬೇಕು, ಪ್ಯಾರಾಪೆಟ್ ಗೋಡೆಗೆ ಏರಿಸುವ ಭಾಗಕ್ಕೆ ಮತ್ತೊಂದು. ಅದೇ ತಾರಸಿಗೆ ಆರು ಬಕೆಟ್ ಇಳಿಸಿ ಎರಡು ಕೋಟ್ ಹೊಡೆದರೆ ಹೊಳಪು ಅಷ್ಟೇ ಇರುತ್ತದೆ, ಬಿಳುಪೂ ಅಷ್ಟೇ, ದಪ್ಪ ಮಾತ್ರ 0.25 ಮಿ.ಮೀ. ಕೂಡ ಇರುವುದಿಲ್ಲ. ಎರಡನೆಯ ಮಳೆಗಾಲಕ್ಕೆ ಒರಟು ಕಲ್ಲಿನ ತುದಿಗಳಲ್ಲಿ ಅದು ಸವೆದು ಕಾಣುತ್ತದೆ. ಕೆಜಿ ಮತ್ತು ಲೀಟರಿನ ಆಟವನ್ನೂ ಗಮನಿಸಿ. ಸಿಲಿಕೋನ್ ನೀರಿಗಿಂತ ಭಾರ, ಲೀಟರಿಗೆ ಸುಮಾರು 1.2ರಿಂದ 1.35 ಕೆಜಿ. ಹಾಗಾಗಿ 20 ಕೆಜಿ ಬಕೆಟ್ಟಿನಲ್ಲಿರುವುದು 15-17 ಲೀಟರ್ ಮಾತ್ರ. ಕೊಟೇಶನ್ನಿನಲ್ಲಿ ಒಟ್ಟು ಲೀಟರ್, ಘನಾಂಶ, ಒಣ ದಪ್ಪ ಮೂರನ್ನೂ ಬರೆಸಿಕೊಳ್ಳಿ, ಸೀಲ್ ಒಡೆಯದ ಬಕೆಟ್ಟುಗಳನ್ನು ಎಣಿಸಿ ಇಳಿಸಿಕೊಳ್ಳಿ, ಖಾಲಿ ಬಕೆಟ್ಟುಗಳನ್ನು ಬಿಲ್ ಚುಕ್ತಾ ಆಗುವವರೆಗೆ ಆವರಣದಿಂದ ಹೊರಗೆ ಬಿಡಬೇಡಿ. ತಯಾರಾದ ದಿನಾಂಕವನ್ನೂ ನೋಡಿ. ಇದು ತೇವ ತಾಗಿದರೆ ಗಟ್ಟಿಯಾಗುವ ಸರಕು, ಸೀಲ್ ಒಡೆಯದ ಬಕೆಟ್ಟಿನಲ್ಲೂ ಬಾಳಿಕೆ ಹೆಚ್ಚೆಂದರೆ ವರ್ಷದ ಲೆಕ್ಕ. ನಿಧಾನವಾಗಿ ಮಾರಾಟವಾಗುವ ಅಂಗಡಿಯಲ್ಲಿ ಹಳೆಯ ದಾಸ್ತಾನು ಬರುವ ಸಂಭವ ಇದ್ದೇ ಇದೆ.

ತಗಡಿನ ಛಾವಣಿಯಾದರೆ ನೆಲದ ಅಳತೆ ಹಿಡಿದು ಲೆಕ್ಕ ಹಾಕಬೇಡಿ. ಏರಿಳಿತದ ಪತ್ರಾಸಿನ ನಿಜವಾದ ಮೈ ಅದರ ಅಗಲಕ್ಕಿಂತ ಶೇ. 10ರಿಂದ 25ರಷ್ಟು ಹೆಚ್ಚಿರುತ್ತದೆ. ಒಂದು ದಾರವನ್ನು ಪತ್ರಾಸಿನ ಏರು ತಗ್ಗಿಗೆ ಒತ್ತಿ ಹಿಡಿದು, ಆಮೇಲೆ ಅದನ್ನು ಬಿಡಿಸಿ ಅಳೆದರೆ ಸರಿಯಾದ ಗುಣಕ ಸಿಗುತ್ತದೆ.

ತಯಾರಿಯ ವಿಷಯಕ್ಕೆ ಬಂದರೆ, ಸಿಲಿಕೋನ್ ಸೋತಿತು ಎಂದು ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ಸಿಲಿಕೋನ್ ಸೋತದ್ದಲ್ಲ, ಅದರ ಕೆಳಗಿದ್ದ ಸುಣ್ಣ, ಪಾಚಿ, ಹಳೆಯ ಪೇಂಟು ಎದ್ದು ಬಂದದ್ದು. ಆರ್‌ಸಿಸಿ ತಾರಸಿಯಾದರೆ ಮೊದಲು ಹಳೆಯ ಸಡಿಲ ಪದರ ಕೆರೆದು ತೆಗೆಯಬೇಕು. ಬೇಸಿಗೆಗೆಂದು ಪ್ರತಿ ವರ್ಷ ಸುಣ್ಣ ಬಳಿದ ತಾರಸಿಗಳೇ ಇಲ್ಲಿ ಹೆಚ್ಚು. ಆ ಸುಣ್ಣ ಪೂರ್ತಿ ಹೋಗಬೇಕು. ಪಾಚಿಗೆ ಬ್ಲೀಚಿಂಗ್ ದ್ರಾವಣ ಹಾಕಿ ಕಾಲು ತಾಸು ಬಿಟ್ಟು ತಿಕ್ಕಿ, ಆಮೇಲೆ 2,000ದಿಂದ 3,000 ಪಿಎಸ್‌ಐ ಒತ್ತಡದ ಯಂತ್ರದಲ್ಲಿ ತೊಳೆಯಬೇಕು. ತೊಳೆದ ಮೇಲೆ ಒಣಗಿದೆಯೇ ಎಂದು ಕೈಯಿಟ್ಟು ನೋಡಿದರೆ ತಿಳಿಯುವುದಿಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ 16 ತಾಸು ಬಿಡಿ. ಬಿಚ್ಚಿದಾಗ ಒಳಗೆ ನೀರಿನ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಹೊಸ ಕಾಂಕ್ರೀಟಿಗೆ ಕನಿಷ್ಠ 28 ದಿನ.

ಬಿರುಕುಗಳಲ್ಲಿ ಕೂದಲೆಳೆಯಂಥವನ್ನು ಲೇಪನವೇ ತುಂಬಿಕೊಳ್ಳುತ್ತದೆ. ಒಂದೂವರೆ ಮಿಲಿಮೀಟರ್ ದಾಟಿದ್ದನ್ನು ವಿ ಆಕಾರದಲ್ಲಿ ಕೊರೆದು ಸೀಲಂಟ್ ತುಂಬಿ, ಮೇಲೆ ಆರಿಂಚಿನ ಪಾಲಿಯೆಸ್ಟರ್ ಬಟ್ಟೆಯನ್ನು ಹಸಿ ಸಿಲಿಕೋನಿನಲ್ಲಿ ಕೂರಿಸಬೇಕು. ಇಲ್ಲೊಂದು ಕಡೆ ಎಡವುವವರು ಬಹಳ: ಕಿಟಕಿ ಗಾಜಿಗೆ ಬಳಸುವ, ವಿನೆಗರ್ ವಾಸನೆ ಹೊಡೆಯುವ ಸಿಲಿಕೋನ್ ಟ್ಯೂಬನ್ನೇ ತಂದು ತುಂಬುತ್ತಾರೆ. ಅದರಿಂದ ಹೊರಬರುವ ಆಮ್ಲ ಕಾಂಕ್ರೀಟಿನ ಮೇಲ್ಮೈ ಕೆಡಿಸಿ ಹಿಡಿತ ಬಿಡುತ್ತದೆ, ತಗಡಿಗೆ ತುಕ್ಕು ಹತ್ತಿಸುತ್ತದೆ. ಕೇಳಬೇಕಾದದ್ದು ಆಮ್ಲ ಬಿಡದ ‘ನ್ಯೂಟ್ರಲ್ ಕ್ಯೂರ್’. ಪ್ಯಾರಾಪೆಟ್ ಮತ್ತು ತಾರಸಿ ಸೇರುವ ಮೂಲೆಗೆ ಪಾಲಿಮರ್ ಬೆರೆಸಿದ ಗಾರೆಯಿಂದ ದುಂಡನೆಯ ಅಂಚು ಕಟ್ಟಿ, ಲೇಪನವನ್ನು ಗೋಡೆಗೆ ಕನಿಷ್ಠ ಒಂದಡಿ ಏರಿಸಬೇಕು. ಮಳೆ ನೀರಿನ ಪೈಪಿನ ಬಾಯಿಯೊಳಗೂ ಕೈ ಹೋಗುವಷ್ಟು ದೂರ ಬಟ್ಟೆ ಸಮೇತ ಇಳಿಸಬೇಕು. ಸೋರಿಕೆ ಶುರುವಾಗುವುದು ತಾರಸಿಯ ನಡುವಿನಿಂದಲ್ಲ, ಈ ಅಂಚು, ಪೈಪು, ಟ್ಯಾಂಕಿನ ಕಾಲು, ಬೋರ್ಡು ನಿಲ್ಲಿಸಿದ ಬೋಲ್ಟುಗಳಿಂದ.

ತಾರಸಿಯ ಮೇಲೆ ಹಳೆಯ ಡಾಂಬರಿನ ಶೀಟು ಇದ್ದರೆ ಅದರ ಮೇಲೆ ಬಿಳಿ ಸಿಲಿಕೋನ್ ನೇರವಾಗಿ ಬಳಿಯಬೇಡಿ. ಬಿಸಿಲಿಗೆ ಡಾಂಬರಿನ ಎಣ್ಣೆ ಮೇಲೇರಿ ಹಳದಿ-ಕಂದು ಕಲೆಯಾಗುತ್ತದೆ, ಹಿಡಿತವೂ ಸಡಿಲವಾಗಬಹುದು. ಈ ಎಣ್ಣೆ ತಡೆಯುವ ಬೇರೆಯದೇ ಪ್ರೈಮರ್ ಇದೆ, ಅದು ಕೊಟೇಶನ್ನಿನಲ್ಲಿ ಇದೆಯೇ ನೋಡಿ.

ಹಿಡಿತದ ಪರೀಕ್ಷೆಯನ್ನು ಕೆಲಸಕ್ಕೆ ಮೊದಲೇ ಮಾಡಿಸುವುದು ಜಾಣತನ. ತಾರಸಿಯ ಎರಡು ಮೂರು ಕಡೆ ಅಂಗೈ ಅಗಲ ತೊಳೆದು ಸಿಲಿಕೋನ್ ಬಳಿದು, 25 ಮಿ.ಮೀ. ಅಗಲದ ಬಟ್ಟೆಪಟ್ಟಿಯ ಅರ್ಧವನ್ನು ಅದರಲ್ಲಿ ಹುದುಗಿಸಿ, ಮೇಲೆ ಮತ್ತೆ ಬಳಿದು ಏಳರಿಂದ ಹದಿನಾಲ್ಕು ದಿನ ಬಿಡಿ. ಆಮೇಲೆ ಬಿಟ್ಟ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಹಿಂದಕ್ಕೆ ಎಳೆಯಿರಿ. ಒಂದು ಕೆಜಿಯ ಹತ್ತಿರಕ್ಕಾದರೂ ತಾಳಬೇಕು. ಎಷ್ಟು ತಾಳಿತು ಎಂಬುದಕ್ಕಿಂತ ಎಲ್ಲಿ ಬಿಟ್ಟಿತು ಎಂಬುದು ಹೆಚ್ಚು ಹೇಳುತ್ತದೆ: ರಬ್ಬರೇ ಹರಿದು ಅದರ ಅರ್ಧ ಭಾಗ ತಾರಸಿಗೆ ಅಂಟಿಕೊಂಡಿದ್ದರೆ ಒಳ್ಳೆಯದು, ನುಣ್ಣಗೆ ಇಡಿಯಾಗಿ ಎದ್ದು ಬಂದರೆ ಪ್ರೈಮರ್ ಬೇಕು ಅಥವಾ ತೊಳೆದದ್ದು ಸಾಲದು. ಈ ಪರೀಕ್ಷೆಗೆ ಒಪ್ಪದ ಕಾಂಟ್ರ್ಯಾಕ್ಟರ್ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಹುಬ್ಬಳ್ಳಿ-ಧಾರವಾಡದ ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ಶೆಡ್ಡುಗಳಿಗೆ ಕತೆ ಬೇರೆ. ತಗಡು ಸೋರುವುದು ತಗಡಿನಿಂದಲ್ಲ, ಸ್ಕ್ರೂ ಮತ್ತು ಜೋಡಣೆಗಳಿಂದ. 12 ಮೀಟರ್ ಉದ್ದದ ಉಕ್ಕಿನ ಪತ್ರಾಸು ನಸುಕಿನಿಂದ ಮಧ್ಯಾಹ್ನಕ್ಕೆ 45 ಡಿಗ್ರಿ ಬಿಸಿಯೇರಿದರೆ ಆರೂವರೆ ಮಿಲಿಮೀಟರ್ ಉದ್ದವಾಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ವರ್ಷಗಟ್ಟಲೆ ಹೀಗೆ ಎಳೆದಾಡಿದ ಮೇಲೆ ಸ್ಕ್ರೂ ತೂತು ಉದ್ದುದ್ದವಾಗುತ್ತದೆ, ಅದರ ಕೆಳಗಿನ ರಬ್ಬರ್ ವಾಷರ್ ಒಣಗಿ ಸೀಳುತ್ತದೆ. ಇದರ ಮೇಲೆ ಬರೀ ಲೇಪನ ಹೊಡೆದರೆ ಸ್ಕ್ರೂ ಅಲುಗಾಡಿ ಲೇಪನವನ್ನು ಕತ್ತರಿಸುತ್ತದೆ. ಕ್ರಮ ಹೀಗಿರಬೇಕು: ಸಡಿಲವಾದ 5.5 ಮಿ.ಮೀ. ಸ್ಕ್ರೂಗಳನ್ನು ತೆಗೆದು 6.3 ಮಿ.ಮೀ.ನವನ್ನು ಇಪಿಡಿಎಂ ರಬ್ಬರಿನ ವಾಷರ್ ಸಮೇತ ಹಾಕುವುದು. ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಎಪಾಕ್ಸಿ ಪ್ರೈಮರ್ ಕೊಡುವುದು. ತೂತು ಬಿದ್ದ ಪತ್ರಾಸನ್ನು ಬದಲಾಯಿಸುವುದು. ಅಡ್ಡ ಜೋಡಣೆ, ನೆತ್ತಿಯ ತಗಡು, ಬೆಳಕಿನ ಫೈಬರ್ ಶೀಟಿನ ಅಂಚುಗಳಿಗೆ ಬಟ್ಟೆ ಮತ್ತು ದಪ್ಪ ಸಿಲಿಕೋನ್. ಪ್ರತಿ ಸ್ಕ್ರೂ ತಲೆಗೆ ಒಂದು ಮುದ್ದೆ. ಇದೆಲ್ಲ ಗಟ್ಟಿಯಾದ ಮೇಲೆ ಪೂರ್ತಿ ಮೈಗೆ ಲೇಪನ. ದೊಡ್ಡ ಶೆಡ್ಡಿನಲ್ಲಿ ಸ್ಕ್ರೂಗಳ ಲೆಕ್ಕ ಸಾವಿರ ದಾಟುತ್ತದೆ, ಕೂಲಿ ಉಳಿಸಲು ಇದನ್ನೇ ಮೊದಲು ಕೈಬಿಡುತ್ತಾರೆ. ಎರಡು ಶೆಡ್ಡುಗಳ ನಡುವಿನ ಗಟಾರದ ತಗಡು ಕೈಯಿಂದ ಒತ್ತಿದರೆ ಚಿಪ್ಪೇಳುವಂತಿದ್ದರೆ ಅದಕ್ಕೆ ಲೇಪನ ದಂಡ, ಬದಲಾಯಿಸಿ.

ಹಳೆಯ ಕೈಗಾರಿಕಾ ಎಸ್ಟೇಟುಗಳಲ್ಲಿ ಇನ್ನೂ ಸಿಮೆಂಟಿನ ಆಸ್ಬೆಸ್ಟಾಸ್ ಶೀಟುಗಳಿವೆ. ಇವನ್ನು ಒಣಗಿದ್ದಾಗ ಉಜ್ಜುವುದು, ಒತ್ತಡದ ಯಂತ್ರದಲ್ಲಿ ತೊಳೆಯುವುದು ಎರಡೂ ಕೂಡದು. ಎದ್ದ ನಾರು ಪುಪ್ಪುಸಕ್ಕೆ ಹೋದರೆ ವಾಪಸು ಬರುವುದಿಲ್ಲ. ಒದ್ದೆ ಮಾಡಿ, ಮೆತ್ತನೆಯ ಬ್ರಷ್ಷಿನಲ್ಲಿ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆದು ಪ್ರೈಮರ್ ಕೊಟ್ಟು ಮುಚ್ಚಬಹುದು. ಕೆಲಸದವರು ಹಲಗೆ ಹಾಸದೆ, ಸುರಕ್ಷತಾ ಬೆಲ್ಟ್ ಇಲ್ಲದೆ ಇದರ ಮೇಲೆ ಕಾಲಿಡಬಾರದು. ಬಿಳಿ ಬಳಿದ ಮೇಲೆ ಗಟ್ಟಿ ಶೀಟು ಯಾವುದು, ಸೀಳಿದ್ದು ಯಾವುದು, ಬೆಳಕಿನ ಫೈಬರ್ ಯಾವುದು ಎಂದು ಕಣ್ಣಿಗೆ ತಿಳಿಯುವುದೇ ಇಲ್ಲ.

ಇನ್ನು ಕೆಲವು ಶೆಡ್ಡುಗಳಲ್ಲಿ ಡಿಸೆಂಬರ್ ಬೆಳಿಗ್ಗೆ, ಮಳೆ ಇಲ್ಲದಿದ್ದರೂ ಮೇಲಿನಿಂದ ಹನಿ ಬೀಳುತ್ತದೆ. ಅದು ಸೋರಿಕೆಯಲ್ಲ. ರಾತ್ರಿ ತಣ್ಣಗಾದ ತಗಡಿಗೆ ಒಳಗಿನ ತೇವ ತಾಗಿ ಕಟ್ಟುವ ಇಬ್ಬನಿ. ಅದಕ್ಕೆ ಬೇಕಾದದ್ದು ಗಾಳಿಯಾಟ ಅಥವಾ ಕೆಳಗಡೆ ಶಾಖನಿರೋಧಕ. ಮೇಲೆ ಸಿಲಿಕೋನ್ ಹಾಕಿಸಿ ಮರುವರ್ಷ ಜಗಳ ತೆಗೆದರೆ ಪ್ರಯೋಜನವಿಲ್ಲ.

ಹವಾಮಾನದ ಲೆಕ್ಕದಲ್ಲಿ ನಮ್ಮ ಜಿಲ್ಲೆಗಳಿಗೆ ನವೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆಯ ಗುಡುಗು ಮಳೆ ಹೇಳಿ ಬರುವುದಿಲ್ಲ, ಮಾಡುವುದಾದರೆ ಬೆಳಿಗ್ಗೆ ಬೇಗ ಮುಗಿಸಬೇಕು. ಸಾಮಾನ್ಯವಾಗಿ ಒಂದೆರಡು ತಾಸಿನಿಂದ ನಾಲ್ಕು ತಾಸಿನೊಳಗೆ ಮೇಲ್ಮೈ ಕೈಗೆ ಅಂಟದಷ್ಟು ಗಟ್ಟಿಯಾಗುತ್ತದೆ, ಪೂರ್ತಿ ಬಲ ಬರಲು ವಾರ ಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದಷ್ಟೂ ಬೇಗ ಗಟ್ಟಿಯಾಗುವ ಸರಕು ಇದು, ಉಳಿದ ಪೇಂಟುಗಳಿಗೆ ತದ್ವಿರುದ್ಧ. ಹಾಗಾಗಿ ಗದಗದ ಒಣ ಮಾರ್ಚ್ ಮಧ್ಯಾಹ್ನ ನಿರೀಕ್ಷೆಗಿಂತ ತಡವಾದರೆ ಗಾಬರಿಯಾಗಬೇಡಿ. ಆದರೆ ತೇವ ಗಾಳಿಯಲ್ಲಿರಬೇಕು, ಛಾವಣಿಯ ಮೇಲಲ್ಲ. ಚಳಿಗಾಲದ ಇಬ್ಬನಿ ತಗಡಿನ ಮೇಲೆ ಹತ್ತು ಗಂಟೆಯವರೆಗೂ ಕೂತಿರುತ್ತದೆ. ಬಟ್ಟೆಯಲ್ಲಿ ಒರೆಸಿ, ಬಿಸಿಲು ತಾಗಿ ಒಣಗಿದ ಮೇಲೆಯೇ ಶುರು ಮಾಡಬೇಕು. ಕಾಂಕ್ರೀಟಿಗೆ ಬೆಳಿಗ್ಗೆ ಬಿಸಿಯೇರುವಾಗ ಬಳಿದರೆ ರಂಧ್ರಗಳಲ್ಲಿದ್ದ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಸಂಜೆ ಮಳೆಯ ಭಯವಿಲ್ಲದ ತಿಂಗಳುಗಳಲ್ಲಿ ಮಧ್ಯಾಹ್ನ ಮೂರರ ನಂತರ, ತಾಪ ಇಳಿಯುವ ಹೊತ್ತಿನಲ್ಲಿ ಬಳಿದರೆ ಈ ಗೋಳಿಲ್ಲ. ಮೊದಲ ಕೋಟ್ ಬೂದು, ಎರಡನೆಯದು ಬಿಳಿ ಎಂದು ಪಟ್ಟು ಹಿಡಿಯಿರಿ. ಬಿಟ್ಟುಹೋದ ಜಾಗ ದೂರದಿಂದಲೇ ಕಾಣುತ್ತದೆ. ಒಂದನ್ನು ಉದ್ದಕ್ಕೆ ಎಳೆದರೆ ಇನ್ನೊಂದನ್ನು ಅಡ್ಡಕ್ಕೆ. ಹಸಿ ಪದರದಲ್ಲಿ ಬಾಚಣಿಗೆಯಂಥ ಹಲ್ಲಿನ ಮಾಪಕ ಒತ್ತಿ ದಪ್ಪ ನೋಡುವ ಕೆಲಸ ಪ್ರತಿ ಬಕೆಟ್ಟಿಗೊಮ್ಮೆ ಆಗಬೇಕು. ಎರಡು ಕೋಟ್‌ಗಳ ನಡುವೆ ಎರಡು ದಿನ ದಾಟಿದರೆ ಧೂಳು ಕೂರುತ್ತದೆ, ಮತ್ತೆ ತೊಳೆಯಬೇಕು. ಸ್ಪ್ರೇ ಯಂತ್ರ ಬೇಗ ಮುಗಿಸುತ್ತದೆ ನಿಜ, ಆದರೆ ಗದಗ ಕಡೆಯ ಗಾಳಿಗೆ ಅದರ ತುಂತುರು ಪಕ್ಕದ ಅಂಗಡಿಯ ಕಾರುಗಳ ಮೇಲೆ ಕೂತರೆ ಬಿಡಿಸುವುದು ಬಲು ಕಷ್ಟ. ಪೇಟೆಯ ನಡುವೆ ರೋಲರೇ ಸರಿ. ಹತ್ತಿ ತುಂಬಿದ ಗೋದಾಮಿನ ಮೇಲೆ ಕೆಲಸವಾದರೆ ದ್ರಾವಕ ಹೆಚ್ಚಿರುವ ಹಳೆಯ ಬಗೆಯ ಸಿಲಿಕೋನ್ ಬೇಡ. ಅದರ ಆವಿ ಬೆಂಕಿಗೆ ಆಹಾರ. ಹೆಚ್ಚು ಘನಾಂಶದ್ದನ್ನೇ ಕೇಳಿ.

ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳ ಮಾತು ಬೇರೆಯಾಗಿಯೇ ಹೇಳಬೇಕು. ಸಿಲಿಕೋನ್ ನೀರನ್ನು ತಡೆಯುತ್ತದೆ, ಆವಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಸಾಮಾನ್ಯ ಆರ್‌ಸಿಸಿ ತಾರಸಿಗೆ ಇದು ವರವೇ: ಸ್ಲ್ಯಾಬಿನಲ್ಲಿ ಸಿಕ್ಕಿಬಿದ್ದ ತೇವ ಗುಳ್ಳೆ ಏಳಿಸದೆ ಮೆಲ್ಲಗೆ ಹೊರಹೋಗುತ್ತದೆ. ತಣ್ಣನೆಯ ಕೋಣೆಯ ಮೇಲೆ ಇದೇ ಗುಣ ತಿರುಗಿ ಬೀಳುತ್ತದೆ. ಹೊರಗಿನ ಬೆಚ್ಚನೆಯ ಆವಿ ಒಳಗಿನ ತಂಪಿನ ಕಡೆಗೆ ನುಗ್ಗಿ, ನಡುವಿನ ಶಾಖನಿರೋಧಕದಲ್ಲಿ ನೀರಾಗಿ ನಿಲ್ಲುತ್ತದೆ. ನೆನೆದ ಫೋಮ್ ತಂಪು ಹಿಡಿಯುವುದಿಲ್ಲ, ಕರೆಂಟ್ ಬಿಲ್ ಏರುತ್ತದೆ. ಇಂಥಲ್ಲಿ ಶಾಖನಿರೋಧಕದ ಹೊರಮಗ್ಗುಲಿಗೆ ಆವಿ ತಡೆಯುವ ಪದರ ಮೊದಲು ಇರಬೇಕು, ಅದರ ಮೇಲೆ ಬಿಸಿಲಿಗೆ ಸಿಲಿಕೋನ್. ಛಾವಣಿಗೆ ಪಾಲಿಯುರಥೇನ್ ಫೋಮ್ ಸಿಂಪಡಿಸಿ ಬಿಟ್ಟವರಿಗೆ ಇನ್ನೊಂದು ಎಚ್ಚರಿಕೆ: ಬೆತ್ತಲೆ ಫೋಮ್ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಕಂದಾಗಿ ಪುಡಿಯಾಗುತ್ತದೆ. ಅದರ ಮೇಲೆ ತಡಮಾಡದೆ ಲೇಪನ ಹಾಕಲೇಬೇಕು, ಸಿಲಿಕೋನ್ ಅಲ್ಲಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ.

ಯಾರಿಗೆ ಬೇಡ? ಮಾಳಿಗೆಯ ಮೇಲೆ ಮೆಣಸಿನಕಾಯಿ, ಹಪ್ಪಳ, ಶಾವಿಗೆ ಒಣಹಾಕುವವರಿಗೆ, ಸಲಿಕೆಯಿಂದ ಎಳೆದಾಡುವವರಿಗೆ, ಹೋಟೆಲಿನ ಪಾತ್ರೆ ಮೇಲೆ ಸಾಗಿಸುವವರಿಗೆ ಬೇಡ. ಸಿಲಿಕೋನ್ ಹಿಗ್ಗುತ್ತದೆ, ಆದರೆ ಒಮ್ಮೆ ಗೀರು ಬಿದ್ದರೆ ಸಲೀಸಾಗಿ ಹರಿಯುತ್ತದೆ. ಒದ್ದೆಯಾದರೆ ವಿಪರೀತ ಜಾರುತ್ತದೆ. ಓಡಾಟದ ತಾರಸಿಗೆ ಪಾಲಿಯುರಥೇನ್ ಲೇಪನ ಗಟ್ಟಿ. ಅದರ ಅಗ್ಗದ ಬಗೆ ಬಿಸಿಲಿಗೆ ಹಳದಿಯಾಗಿ ಪುಡಿ ಬಿಡುತ್ತದೆ, ಮೇಲಿನ ಕೋಟ್ ಅಲಿಫ್ಯಾಟಿಕ್ ಜಾತಿಯದ್ದೇ ಇರಲಿ. ಸೋಲಾರ್ ಪ್ಯಾನೆಲ್ ತೊಳೆಯಲು, ಎಸಿ ಘಟಕ ನೋಡಲು ಮಾತ್ರ ಜನ ಹತ್ತುವುದಾದರೆ ಸಿಲಿಕೋನಿನಲ್ಲೇ ಮೂರಡಿ ಅಗಲದ ದಾರಿ ಗುರುತಿಸಿ, ಹಸಿ ಇರುವಾಗಲೇ ಒರಟು ಮರಳು ಉದುರಿಸಿ ಮೇಲೊಂದು ಬೇರೆ ಬಣ್ಣದ ಕೋಟ್ ಕೊಡಿಸಿ. ಪ್ಯಾನೆಲ್ ಹಾಕಿಸುವ ಯೋಚನೆ ಇದ್ದರೆ ಲೇಪನ ಮೊದಲು, ಸ್ಟ್ಯಾಂಡ್ ಆಮೇಲೆ, ಪ್ರತಿ ಕಾಲಿನ ಕೆಳಗೆ ರಬ್ಬರ್ ಪ್ಯಾಡ್. ಧಾರವಾಡದಲ್ಲಿ ಮಂಗಗಳ ಹಿಂಡು ಜಿಗಿಯುವ ಮಾಳಿಗೆಯಾದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಹತ್ತಿ ನೋಡುವುದು ಕ್ಷೇಮ.

ಮುಂದೆ ಮೇಲೊಂದು ಮಹಡಿ ಕಟ್ಟಬೇಕೆಂದು ಕಂಬಿಗಳನ್ನು ಹೊರಗೆ ಬಿಟ್ಟವರಿಗೂ ಬೇಡ. ಸಿಲಿಕೋನ್ ಮೇಲೆ ಸಿಲಿಕೋನ್ ಬಿಟ್ಟು ಬೇರೇನೂ ಅಂಟುವುದಿಲ್ಲ: ಗಾರೆ, ಟೈಲ್ಸ್, ಅಕ್ರಿಲಿಕ್, ಡಾಂಬರಿನ ಶೀಟು ಯಾವುದೂ. ಒಮ್ಮೆ ಇದನ್ನು ಹಾಕಿದ ಮೇಲೆ ಮುಂದಿನ ದುರಸ್ತಿಯೆಲ್ಲ ಇದರಲ್ಲೇ, ಇಲ್ಲವೆಂದರೆ ಯಂತ್ರದಲ್ಲಿ ಪೂರ್ತಿ ಕೆತ್ತಿ ತೆಗೆಯಬೇಕು. ಹೊರಗೆ ಚಾಚಿದ ಕಂಬಿಗಳ ಬುಡದಲ್ಲಿ ತುಕ್ಕು ಉಬ್ಬಿ ಕಾಂಕ್ರೀಟ್ ಸೀಳುವಲ್ಲಿ ಯಾವ ಲೇಪನವೂ ಹೆಚ್ಚು ದಿನ ನಿಲ್ಲುವುದಿಲ್ಲ. ಸೀಲಿಂಗಿನ ಗಿಲಾವು ಉದುರಿ ಕಂಬಿ ಕಾಣುತ್ತಿರುವ ಸ್ಲ್ಯಾಬಿಗೂ ಮೊದಲು ಬೇಕಾದದ್ದು ಇಂಜಿನಿಯರ್, ಪೇಂಟರ್ ಅಲ್ಲ.

ನಿಂತ ನೀರು ಸಿಲಿಕೋನ್‌ಗೆ ಏನೂ ಮಾಡದಿದ್ದರೂ ಸ್ಲ್ಯಾಬಿಗೆ ಭಾರವೇ: ಒಂದು ಇಂಚು ನೀರು ಚದರ ಮೀಟರಿಗೆ 25 ಕೆಜಿ. ಸೊಳ್ಳೆಯ ಕಾಟ ಬೇರೆ. ದೊಡ್ಡ ತಗ್ಗುಗಳನ್ನು ಲೇಪನಕ್ಕೆ ಮೊದಲು ಪಾಲಿಮರ್ ಗಾರೆಯಿಂದ ತುಂಬಿ ನೂರಕ್ಕೆ ಒಂದರ ಇಳಿಜಾರು ತರಿಸಿ. ಆಮೇಲೆ ಸಾಧ್ಯವಿಲ್ಲ, ಏಕೆಂದರೆ ಗಾರೆ ಅಂಟುವುದಿಲ್ಲ ಎಂದು ಆಗಲೇ ಹೇಳಿಯಾಯಿತು.

ವಾರಂಟಿಯಲ್ಲಿ ಎರಡು ಬಗೆ. ಬರೀ ಸರಕಿನ ವಾರಂಟಿಯಾದರೆ, ಲೇಪನ ಕೆಟ್ಟಾಗ ಕಂಪನಿ ಹೊಸ ಬಕೆಟ್ ಕೊಡುತ್ತದೆ, ಕೂಲಿ ನಿಮ್ಮದು. ಸರಕು ಮತ್ತು ಕೆಲಸ ಎರಡೂ ಸೇರಿದ ವಾರಂಟಿಗೆ ಕಂಪನಿಯೇ ಒಪ್ಪಿದ ಕೆಲಸಗಾರರು ಮತ್ತು ಕೆಲಸದ ನಡುವೆ ಕಂಪನಿಯವರ ತಪಾಸಣೆ ಬೇಕು. ಕಾಂಟ್ರ್ಯಾಕ್ಟರ್ ತನ್ನ ಲೆಟರ್ ಹೆಡ್ಡಿನಲ್ಲಿ ಬರೆದುಕೊಟ್ಟ ‘15 ವರ್ಷ ಗ್ಯಾರಂಟಿ’ ಆತ ಫೋನ್ ಎತ್ತುವವರೆಗೆ ಮಾತ್ರ. ‘ನೀರು ನಿಲ್ಲುವ ಜಾಗಕ್ಕೆ ಅನ್ವಯಿಸುವುದಿಲ್ಲ’ ಎಂಬ ಸಾಲು ಒಳಗೆಲ್ಲಾದರೂ ಅಡಗಿದ್ದರೆ ನೇರವಾಗಿ ಪ್ರಶ್ನಿಸಿ. ಆ ಒಂದು ಕಾರಣಕ್ಕೇ ಇಷ್ಟು ದುಡ್ಡು ಕೊಡುತ್ತಿರುವುದು. ಕೊನೆಯ ಕಂತನ್ನು ಮೊದಲ ದೊಡ್ಡ ಮಳೆಯವರೆಗೆ ತಡೆಹಿಡಿಯುವ ಷರತ್ತಿಗೆ ಒಪ್ಪುವವರು ಸಿಗುತ್ತಾರೆ, ಕೇಳಬೇಕಷ್ಟೇ.

ಆಮೇಲಿನ ಆರೈಕೆ ಕಡಿಮೆ. ಮೇ ಕೊನೆಗೆ ಮತ್ತು ದೀಪಾವಳಿ ಹೊತ್ತಿಗೆ ಗಟಾರ, ಪೈಪಿನ ಬಾಯಿ ಸ್ವಚ್ಛ ಮಾಡಿ, ಅಂಚುಗಳನ್ನು ಕಣ್ಣಾಡಿಸಿದರೆ ಸಾಕು. ಕೇಬಲ್‌ನವರೋ ಬೋರ್ಡಿನವರೋ ಹತ್ತಿ ಮೊಳೆ ಹೊಡೆದ ಜಾಗ ಕಂಡರೆ ಸುತ್ತ ನಾಲ್ಕಿಂಚು ಸೋಪಿನಲ್ಲಿ ತಿಕ್ಕಿ, ಒಣಗಿಸಿ, ದ್ರಾವಕದಲ್ಲಿ ಒರೆಸಿ, ಅದೇ ಕಂಪನಿಯ ಸಿಲಿಕೋನಿನಲ್ಲಿ ಬಟ್ಟೆ ತುಂಡು ಕೂರಿಸಬೇಕು. ಇದಕ್ಕಾಗಿ ಕೆಲಸ ಮುಗಿದಾಗಲೇ ಒಂದು ಸಣ್ಣ ಡಬ್ಬಿ ಎತ್ತಿಟ್ಟುಕೊಳ್ಳುವವರು, ಅದನ್ನು ಒಡೆಯದೆ ಸೀಲ್ ಸಮೇತ ಇಡಬೇಕು. ಒಮ್ಮೆ ತೆರೆದ ಡಬ್ಬಿ ಮುಂದಿನ ಮಳೆಗಾಲಕ್ಕೆ ಒಳಗೇ ರಬ್ಬರಾಗಿರುತ್ತದೆ.